ಶಂಕ್ರಪ್ಪನ ಮೂವತ್ತೊಂದು ಸಾವಿರ ಹೆಜ್ಜಿ

ಶಂಕ್ರಪ್ಪನ ಊರು ಮುತ್ತಗಿಹಾಳ, ಯರಗುಪ್ಪಿಯಿಂದ ಮೂರೇ ಕಿಲೋಮೀಟರು. ಆ ಮೂರು ಕಿಲೋಮೀಟರನ್ನು ಶಂಕ್ರಪ್ಪ ತನ್ನ ಐವತ್ಮೂರು ವರ್ಷದ ಬಾಳಿನಲ್ಲಿ ಒಮ್ಮೆಯೂ ನಡೆದು ದಾಟಿದವನಲ್ಲ. ಬಸ್ಸು ತಪ್ಪಿದರೆ ಟಂಟಂ, ಟಂಟಂ ಸಿಗದಿದ್ದರೆ ಯಾರದಾದರೂ ಟ್ರ್ಯಾಕ್ಟರು, ಅದೂ ಬರದಿದ್ದರೆ ನಾಳೆ. ಇದನ್ನು ಯಾರಾದರೂ ಮೈಗಳ್ಳತನ ಎಂದರೆ ಅವನಿಗೆ ಅಗದಿ ಸಿಟ್ಟು ಬರುತ್ತಿತ್ತು. "ನಾ ದುಡಿಯೂ ಮನಶ್ಯಾ. ದುಡಿಯೂ ಮನಶ್ಯಾ ಕಾಲು ಉಳಿಸ್ಕೋಬೇಕು" ಎನ್ನುತ್ತಿದ್ದ. ಎಂಟು ಎಕರೆ ಎರೆಹೊಲ, ಎರಡು ಎಮ್ಮೆ, ಒಂದು ಮನೆ ಅವನ ಹೆಸರಿನಲ್ಲಿದ್ದವು. ಅವುಗಳ ಕೆಲಸ ಮಾತ್ರ ಹೆಂಡತಿ ಸಾವಿತ್ರೆವ್ವನ ಹೆಸರಿನಲ್ಲಿತ್ತು.

ಶ್ರಾವಣ ಹತ್ತಿದ ವಾರ ಊರಿಗೆ ಒಂದು ಬಿಳಿ ಜೀಪು ಬಂತು. ಯಾವುದೋ ಯುನಿವರ್ಸಿಟಿಯವರ ಆರೋಗ್ಯ ಸಮೀಕ್ಷೆ. ಯಾವ ಊರಿನ ಮಂದಿ ದಿನಕ್ಕೆ ಎಷ್ಟು ಮೈ ಅಲುಗಿಸುತ್ತಾರೆ, ಯಾರು ಹೆಚ್ಚು, ಯಾರು ಕಡಿಮೆ, ಹಾಗಾಗುವುದಕ್ಕೆ ಏನು ಕಾರಣ ಎಂಬುದನ್ನು ಅವರು ಅಳೆಯಬೇಕಂತೆ. ಚೀಟಿ ಎತ್ತಿ ನಲವತ್ತು ಮಂದಿಯನ್ನು ಆರಿಸಿದ್ದರು. ಅದರಲ್ಲಿ ಶಂಕ್ರಪ್ಪನ ಹೆಸರೂ ಬಂತು, ಸಾವಿತ್ರೆವ್ವನ ಹೆಸರೂ ಬಂತು.

ಪ್ರಶ್ನೆ ಕೇಳಲು ಬಂದವಳು ರೋಹಿಣಿ ಎಂಬ ಹುಬ್ಬಳ್ಳಿಯ ಹುಡುಗಿ. ಅವಳು ಬಂದಾಗ ಶಂಕ್ರಪ್ಪ ಮನೆಯ ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದ.

"ಕಾಕಾರ, ವಾರದಾಗ ಎಷ್ಟ ದಿನ ಏದುಸಿರು ಬರೂವಂಥಾ ಕೆಲಸ ಮಾಡ್ತೀರಿ?"

"ಏಳೂ ದಿನ."

"ದಿನಕ್ಕ ಎಷ್ಟ ತಾಸು?"

"ತಾಸು ಎಣಿಸ್ಕೋತ ಕುಂದ್ರೂ ಮನಶ್ಯಾ ಅಲ್ಲ ತಂಗೀ ನಾ. ಹತ್ತು ಅಂತ ಬರಕೋ."

"ದಿನದಾಗ ಎಷ್ಟ ಹೊತ್ತು ಕುಂತಿರ್ತೀರಿ?"

"ಊಟಕ್ಕ ಕುಂದರ್ತೀನಿ. ಅದೂ ಅರ್ಧಾ ಊಟಕ್ಕ."

ಉಳಿದ ಅರ್ಧ ಊಟವನ್ನು ಎಲ್ಲಿ ಮಾಡುತ್ತಾನೆಂದು ರೋಹಿಣಿ ಕೇಳಲಿಲ್ಲ. ಆ ಪ್ರಶ್ನೆ ಫಾರಂನಲ್ಲಿ ಇರಲಿಲ್ಲ.

ಸಾವಿತ್ರೆವ್ವನನ್ನು ಕೇಳುವುದು ಕಷ್ಟವಾಯಿತು. ಆಕೆ ಸೆಗಣಿ ಬುಟ್ಟಿ ಹೊತ್ತು ತಿಪ್ಪೆಗೆ ಹೋದರೆ ರೋಹಿಣಿ ತಿಪ್ಪೆಗೆ ಹೋಗಬೇಕು, ಆಕೆ ಎಮ್ಮೆ ಹಿಂಡಲು ಕೂತರೆ ರೋಹಿಣಿ ಗೋದಲಿಯ ಹತ್ತಿರ ನಿಲ್ಲಬೇಕು, ಆಕೆ ಕೊಡ ಹಿಡಿದು ಕೆರೆಯ ದಾರಿ ಹಿಡಿದರೆ ಟ್ಯಾಬ್ ಎದೆಗೆ ಅವಚಿಕೊಂಡು ಹಿಂದೆ ಓಡಬೇಕು.

"ಕಾಕೂ, ನೀವು ವ್ಯಾಯಾಮ ಮಾಡ್ತೀರೇನ್ರಿ?"

"ಇಲ್ಲವಾ. ಅಂಥಾದ್ದೆಲ್ಲಾ ನಮ್ಮ ಮನ್ಯಾಗ ಇಲ್ಲ."

"ಏದುಸಿರು ಬರೂವಂಥಾ ಕೆಲಸ ಏನರೆ?"

"ಏದುಸಿರು ಬಿಡಾಕ ಹೊತ್ತೆಲ್ಲೈತಿ ಯವ್ವಾ?"

"ಬಿಡುವಿದ್ದಾಗ ಏನ ಮಾಡ್ತೀರಿ?"

"ಹಂಗಂದ್ರ?"

ರೋಹಿಣಿ ಮೂರೂ ಕಡೆ ಸೊನ್ನೆ ಬರೆದು, ಕೆರೆಯ ದಂಡೆಯ ಮೇಲೆ ಕೂತು ದಮ್ಮು ತಗೊಂಡಳು.

ಆಮೇಲೆ ಇಬ್ಬರ ಮಣಿಕಟ್ಟಿಗೂ ಒಂದೊಂದು ಕರೀ ಪಟ್ಟಿ ಕಟ್ಟಿದಳು. ನೋಡಲು ಗಡಿಯಾರದಂತಿತ್ತು, ಆದರೆ ಅದಕ್ಕೆ ಮುಳ್ಳೂ ಇಲ್ಲ, ನಂಬರೂ ಇಲ್ಲ. "ಏಳು ದಿನ ಕೈಯಾಗ ಇರಲಿ. ಜಳಕಕ್ಕೂ ತಗೀಬ್ಯಾಡ್ರಿ, ನೀರು ಬಿದ್ರ ಏನೂ ಆಗೂದಿಲ್ಲ. ಮತ್ತ, ಭಾಳ ಕಿಮ್ಮತ್ತಿನ ಸಾಮಾನು, ಜ್ವಾಕಿ." ಈ ಮಾತುಗಳಲ್ಲಿ ಶಂಕ್ರಪ್ಪನ ಕಿವಿಗೆ ಯಾವುದೂ ಬೀಳಲಿಲ್ಲ. ಸಾವಿತ್ರೆವ್ವನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

ಇನ್ನೊಬ್ಬರ ಕಿಮ್ಮತ್ತಿನ ಸಾಮಾನನ್ನು ಸೆಗಣಿಯಲ್ಲಿ, ಹಿಟ್ಟಿನಲ್ಲಿ, ಕೆಸರಿನಲ್ಲಿ ಮುಳುಗಿಸಲು ಆಕೆಗೇನು ಬುದ್ಧಿ ಇಲ್ಲವೆ? ಬೆಳಿಗ್ಗೆ ಏಳುತ್ತಲೇ ಪಟ್ಟಿ ಬಿಚ್ಚಿ, ಸೆರಗಿನಿಂದ ಒರೆಸಿ, ದೇವರಮನೆಯ ಜಗಲಿಯ ಮೇಲೆ ದೇವರ ಬಾಜು ಇಟ್ಟುಬಿಡುತ್ತಿದ್ದಳು. ಮಂಗಳವಾರ ಅದಕ್ಕೆ ಒಂದು ಬೊಟ್ಟು ಕುಂಕುಮವೂ ಬಿತ್ತು. ಹೆಸರುಕಾಯಿ ಬಿಡಿಸಿ, ಮೆಣಸಿನಗಿಡದ ಕಳೆ ತೆಗೆದು, ಮೇವಿನ ಹೊರೆ ಹೊತ್ತು ತಂದು, ಕೈಕಾಲು ತೊಳೆದು, ಉಂಡು, ಇನ್ನು ಮಲಗಬೇಕು ಎನ್ನುವಾಗ ಮಾತ್ರ ತೆಗೆದು ಕಟ್ಟಿಕೊಳ್ಳುವಳು. ಕೊಟ್ಟವರಿಗೆ ಬೇಜಾರಾಗಬಾರದಲ್ಲ.

ಶಂಕ್ರಪ್ಪನ ವಾರ ಬೇರೆ ರೀತಿ ಹೋಯಿತು. ನಿಂಗಜ್ಜನ ಮಠದಲ್ಲಿ ಶ್ರಾವಣದ ಸಪ್ತಾಹ ಶುರುವಾಗಿತ್ತು. ಏಳು ದಿನ ಹಗಲು ರಾತ್ರಿ ಭಜನೆ ನಡೆಯಬೇಕು, ತಾಳ ಒಂದು ಗಳಿಗೆಯೂ ನಿಲ್ಲಬಾರದು. ಊರವರು ಪಾಳಿ ಹಚ್ಚಿಕೊಂಡು ಕೂಡುತ್ತಾರೆ. ಹೆಸರುಕಾಳಿನ ಸುಗ್ಗಿಯಾದ್ದರಿಂದ ಹಗಲು ಪಾಳಿಗೆ ಯಾರೂ ಮುಂದೆ ಬರಲಿಲ್ಲ. ಶಂಕ್ರಪ್ಪ ಬಂದ. ನಾಲ್ಕು ಮಂದಿಯ ಪಾಳಿಯನ್ನು ಒಬ್ಬನೇ ತಗೊಂಡು, ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ, ಮಠದ ಒಂದೇ ಒಂದು ಫ್ಯಾನಿನ ಕೆಳಗೆ, ಕಂಬಕ್ಕೆ ಆತು ಕೂತು ತಾಳ ಹಾಕಿದ. ಹೊತ್ತೊತ್ತಿಗೆ ಚಹಾ, ಮಧ್ಯಾಹ್ನ ಪ್ರಸಾದ, ನಾಲ್ಕಕ್ಕೆ ಗಿರ್ಮಿಟ್ಟು. ಒಂದು ಮಾತು ನ್ಯಾಯವಾಗಿ ಹೇಳಬೇಕು. ಮೈಗಳ್ಳ ಎಂದು ಯಾರೇನೇ ಅನ್ನಲಿ, ಅವನ ಕೈಯಲ್ಲಿ ಏಳು ದಿನಕ್ಕೆ ಒಂದೂ ಪೆಟ್ಟು ತಪ್ಪಲಿಲ್ಲ.

ಎಂಟನೇ ದಿನ ರೋಹಿಣಿ ಬಂದು ಪಟ್ಟಿಗಳನ್ನು ಬಿಚ್ಚಿಕೊಂಡು ಹೋದಳು. ಇಪ್ಪತ್ತು ದಿನ ಬಿಟ್ಟು ಮತ್ತೆ ಬಂದು, ಮನೆಯ ಬಾಗಿಲಲ್ಲಿ ಎರಡು ಲಕೋಟೆ ಶಂಕ್ರಪ್ಪನ ಕೈಗೆ ಕೊಟ್ಟಳು. "ಒಂದು ನಿಮ್ಮದು, ಒಂದು ಕಾಕೂದು. ಖಾಸಗೀ ಕಾಗದ, ಮಂದಿಗೆ ತೋರಸಬ್ಯಾಡ್ರಿ" ಎಂದಳು. ಮಂದಿಗೆ ತೋರಿಸಬಾರದ ಕಾಗದ ಎಂದಮೇಲೆ ಅದರಲ್ಲಿ ಏನೋ ಇದೆ ಎಂದು ಶಂಕ್ರಪ್ಪನಿಗೆ ಗೊತ್ತಾಯಿತು. ಎರಡನ್ನೂ ತಗೊಂಡು ಸೀದಾ ನಿಜಾಮಸಾಬನ ಚಹಾದಂಗಡಿಗೆ ಹೋದ.

ನಿಜಾಮಸಾಬ ಅವನ ಜೊತೆ ಸಾಲಿ ಕಲಿತ ಗೆಳೆಯ. ಅಂಗಡಿಯಲ್ಲಿ ಏಳೆಂಟು ಮಂದಿ ಇದ್ದರು. "ನನ್ನ ಚಸ್ಮಾ ಮನ್ಯಾಗ ಉಳೀತು. ನೀನ ಓದೋ" ಎಂದು ಶಂಕ್ರಪ್ಪ ಬಾಕಿನ ಮೇಲೆ ಕೂತ. ನಿಜಾಮಸಾಬ ಕೈ ಒರೆಸಿಕೊಂಡು ಗಟ್ಟಿಯಾಗಿ ಓದಿದ.

"ದಿನದ ಸರಾಸರಿ ಹೆಜ್ಜೆ, ಮೂವತ್ತೊಂದು ಸಾವಿರದ ಎರಡು ನೂರಾ ಆರು. ವರ್ಗ, ಅತಿ ಹೆಚ್ಚು ಚಟುವಟಿಕೆ."

ಕೂತವರು ಕಪ್ಪು ಕೆಳಗಿಟ್ಟು ಕಾಗದದ ಸುತ್ತ ಕೂಡಿದರು.

"ಹೆಸರು ನೋಡೋ, ಬ್ಯಾರೇದವರದು ಬಂದಿರಬೇಕು" ಎಂದ ಒಬ್ಬ.

ನೋಡಿದರು. ಹೆಸರು ಅವನದೇ, ಅಪ್ಪನ ಹೆಸರು ಅವನ ಅಪ್ಪನದೇ, ಮನೆ ನಂಬರು ಅವನ ಮನೆಯದೇ.

"ಅಂದ್ರ ದಿನಾ ಕುಂದಗೋಳ ದಾಟಿ ಹೋದಂಗಾತಲ್ಲೋ ದೋಸ್ತ!" ಎಂದ ನಿಜಾಮಸಾಬ. "ಯಾವಾಗ ಹೋಗ್ತಿ? ನಾ ನೋಡಿದಾಗೆಲ್ಲಾ ನೀ ಇಲ್ಲೇ ಇರ್ತಿ."

ಶಂಕ್ರಪ್ಪನಿಗೂ ಅದೇ ಪ್ರಶ್ನೆ ಎದ್ದಿತ್ತು. ಆದರೆ ಕಾಗದದ ಮೇಲೆ ಅಚ್ಚಾಗಿ ಬಂದದ್ದನ್ನು ಅಲ್ಲಗಳೆಯಲು ಅವನು ಯಾರು? ತಾನು ಇಷ್ಟು ವರ್ಷ ಗೊತ್ತಿಲ್ಲದೆಯೇ ನಡೆದಿರಬೇಕು ಎಂದು ಅವನಿಗೆ ನಂಬಿಕೆ ಬಂತು. ಕಾಲುಗಳು ಸಣ್ಣಗೆ ನೋಯಲೂ ಹತ್ತಿದವು. "ದುಡಿಯಾಂವಾ ಹೇಳ್ಕೊಂಡು ತಿರಗೂದಿಲ್ಲ" ಎಂದ. "ಮಷಿನ್ನು ಸುಳ್ಳು ಹೇಳೂದಿಲ್ಲ ನೋಡ್ರಿ."

ಇಲ್ಲಿಗೆ ಎದ್ದು ಮನೆಗೆ ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಎರಡನೆಯ ಲಕೋಟೆಯನ್ನೂ ಮುಂದೆ ಚಾಚಿದ.

"ದಿನದ ಸರಾಸರಿ ಹೆಜ್ಜೆ, ನಾಲ್ಕು ನೂರಾ ಹನ್ನೆರಡು" ಎಂದು ಓದಿ ನಿಜಾಮಸಾಬ ದನಿ ಇಳಿಸಿದ. "ವರ್ಗ, ಜಡ ಜೀವನ. ಸಲಹೆ, ದಿನಾ ಅರ್ಧ ತಾಸು ನಡೆಯುವುದು. ಶಂಕ್ರಪ್ಪಾ, ಇದನ್ನ ಕಿಸೇದಾಗ ಇಟಗೊಂಡು ಸುಮ್ಮ ಮನೀಗೆ ಹೋಗು."

"ಯಾಕ? ಇದ್ದದ್ದ ಐತಲ್ಲ" ಎಂದು ಶಂಕ್ರಪ್ಪ ನಿಟ್ಟುಸಿರು ಬಿಟ್ಟ. "ಆಕೀ ಕುಂದರ್ತಾಳ, ಅದಕ್ಕ ಮನೀ ಭಾರ ಎಲ್ಲಾ ನನ್ನ ಮ್ಯಾಲ ಬಿದ್ದೈತಿ."

ಈ ಮಾತು ಅವನಿಗಿಂತ ಮೊದಲು ಮನೆ ಮುಟ್ಟಿತು. ಕೆರೆಯ ದಂಡೆಯಲ್ಲಿ ಹೆಂಗಸರು, "ಏನಬೇ ಸಾವಿತ್ರಕ್ಕಾ, ನೀ ಕುಂತಾಕಿ ಅಂತ ಬರದು ಕೊಟ್ಟಾರಂತಲ್ಲ" ಎಂದು ಕೊಡದ ಮರೆಯಲ್ಲಿ ನಕ್ಕರು. ಸಂಜೆಯ ಹೊತ್ತಿಗೆ ಕಲಘಟಗಿ ಕಡೆಯ ದೇವಿಕೊಪ್ಪದಿಂದ, ಆಕೆಯ ತವರಿನಿಂದ ಫೋನು ಬಂತು. ಎಂಬತ್ತರ ತಾಯಿ ಆ ಕಡೆಯಿಂದ ಅಳುತ್ತಿದ್ದಳು. "ನಾ ಹಂಗ ಬೆಳಸಿದ್ನೇನ ಮಗಳ ನಿನ್ನ? ಕುಂತು ತಿಂತಾಳ ಅಂತ ಊರಾಗ ಓದಸಿದರಂತಲ್ಲ!"

ಸಾವಿತ್ರೆವ್ವ ಫೋನು ಕೆಳಗಿಟ್ಟಳು. ಶಂಕ್ರಪ್ಪ ಒಳಗೆ ಬಂದಾಗ ಆಕೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ರೂಢಿ ಇತ್ತು.

"ಮೂವತ್ತು ವರ್ಷ ಆತು ಈ ಮನೀಗೆ ಬಂದು. ನಿಮ್ಮವ್ವ ನನಗ ಏನೇನೋ ಅಂದಾಳ. ಕುಂತಾಕಿ ಅಂತ ಆಕೀನೂ ಅಂದಿಲ್ಲ" ಎಂದಳು. ದನಿ ಸಣ್ಣದಾಗಿತ್ತು, ಕಣ್ಣು ತುಂಬಿತ್ತು. "ಇರಲಿ. ಏನ ಬರದಾರ, ಇನ್ನೊಮ್ಮೆ ಓದ್ರಿ."

"ದಿನಾ ಅರ್ಧಾ ತಾಸು ನಡೀಬೇಕಂತ."

"ಹಂಗ ಆಗಲಿ" ಎಂದಳು ಸಾವಿತ್ರೆವ್ವ.

ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಮಾಬುಬಿ ಅಳುಮೋರೆ ಮಾಡಿಕೊಂಡು ಬಂದಳು. ಕಾಗದದಲ್ಲಿ ಸಲಹೆ ಬಂದವರನ್ನು ನಡೆಸಿ, ರಜಿಸ್ಟರಿನಲ್ಲಿ ಬರೆಯುವುದು ಅವಳ ಪಾಲಿಗೆ ಬಂದಿತ್ತು. "ಅಕ್ಕಾರ, ನನಗ ನಾಚಿಕಿ ಬರ್ತೈತ್ರಿ. ನೀವು ಹೊಲಕ್ಕ ಹೋಗಿ ಬರೂದನ್ನ ನಡಿಗಿ ಅಂತ ಬರಕೋತೀನ್ರಿ" ಎಂದಳು.

"ಬ್ಯಾಡವಾ. ಬರದದ್ದು ಬರದಂಗ ಆಗಲಿ."

ಸಾವಿತ್ರೆವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಎರಡೂ ಕೈ ಖಾಲಿ ಬೀಸಿಕೊಂಡು, ಹಣಮಪ್ಪನ ಗುಡಿಯ ತನಕ ಹೋಗಿ ತಿರುಗಿ ಬಂದಳು. ಮೂವತ್ತು ವರ್ಷದಲ್ಲಿ ಆಕೆ ತಲೆಯ ಮೇಲೆ ಏನೂ ಇಲ್ಲದೆ ಆ ದಾರಿಯಲ್ಲಿ ನಡೆದದ್ದು ಅದೇ ಮೊದಲು. ಮುದುಕರು ಎದ್ದು ನಿಂತು ನೋಡಿದರು. ಅರ್ಧ ತಾಸಾದ ಕೂಡಲೆ ಬಂದು ಕಟ್ಟೆಯ ಮೇಲೆ, ಶಂಕ್ರಪ್ಪನ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಚಹಾ?" ಎಂದ ಶಂಕ್ರಪ್ಪ ಒಳಗಿನಿಂದ.

"ಕುಡೀತೀನಿ, ಮಾಡ್ಕೊಂಡ ಬರ್ರಿ."

"ಎಮ್ಮಿ ಒದರಾಕತ್ತೈತಿ."

"ಕೇಳಾಕತ್ತೈತಿ. ನನ್ನ ಪಾಲಿನ ಅರ್ಧಾ ತಾಸು ಮುಗೀತು. ನಿಮ್ಮವು ಇನ್ನೂ ಮೂವತ್ತೊಂದು ಸಾವಿರ ಅದಾವ."

ಆಮೇಲಿನ ನಾಲ್ಕು ದಿನವನ್ನು ಪೂರಾ ಹೇಳಿದರೆ ಶಂಕ್ರಪ್ಪನ ಮರ್ಯಾದೆ ಉಳಿಯುವುದಿಲ್ಲ. ಎಮ್ಮೆ ಅವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕೆರೆಯ ಮೆಟ್ಟಿಲಲ್ಲಿ ಕೊಡ ಎತ್ತಲು ಬರದೆ ನಿಂತಾಗ ಹೆಂಗಸರು ಪಾಳಿ ಬಿಟ್ಟುಕೊಟ್ಟು ನೋಡಲು ಕೂತರು. ಮೊದಲ ಕೊಡ ಮನೆ ಮುಟ್ಟುವಷ್ಟರಲ್ಲಿ ಅರ್ಧವಾಗಿತ್ತು, ಅವನ ಅಂಗಿ ಪೂರ್ತಿ ತೊಯ್ದಿತ್ತು. ಹೊಲಕ್ಕೆ ಹೋದರೆ ಯಾವುದು ಕಳೆ, ಯಾವುದು ಮೆಣಸಿನಗಿಡ ಎಂದು ಬಾಜು ಹೊಲದವರನ್ನು ಕೇಳಬೇಕಾಯಿತು. ಮೊಣಕಾಲು ಎರಡೂ ಬಾತು, ಮೂರನೆಯ ದಿನ ಅವನಿಗೆ ಒಂದು ಸಂಶಯ ಹುಟ್ಟಿತು. ದಿನಾ ಮೂವತ್ತೊಂದು ಸಾವಿರ ನಡೆದವನಿಗೆ ಕೆರೆಗೆ ಎರಡು ಸಲ ಹೋದರೆ ಹೀಗೇಕೆ ಆಗಬೇಕು?

ಆದರೆ ಸಂಶಯಕ್ಕೆ ಹೊತ್ತು ಮೀರಿತ್ತು. ಪಂಚಾಯತಿ ಅಧ್ಯಕ್ಷ ಮಾಳಪ್ಪ ಸುದ್ದಿ ಕೇಳಿ ಹಿಗ್ಗಿ, ಐದನೆಯ ದಿನ ರವಿವಾರ ಸಾಲಿಯ ದೊಡ್ಡ ಖೋಲಿಯಲ್ಲಿ ಸನ್ಮಾನ ಇಟ್ಟಿದ್ದ. ಬ್ಯಾನರಿನಲ್ಲಿ ಶಂಕ್ರಪ್ಪನ ಫೋಟೋ, ಅದರ ಕೆಳಗೆ 'ನಡೆದಾಡುವ ಚೈತನ್ಯ' ಎಂಬ ಬಿರುದು. ಬರುವ ದೊಡ್ಡವರಿಗೆ ಕುಡಿಯಲು ಸನ್ಮಾನಿತರ ಮನೆಯಿಂದಲೇ ಒಂದು ಕೊಡ ನೀರು ಬರಲಿ ಎಂದು ಮಾಳಪ್ಪ ಹೇಳಿ ಕಳಿಸಿದ್ದರಿಂದ, ಆ ಕೊಡವನ್ನೂ ಶಂಕ್ರಪ್ಪನೇ ಹೊತ್ತು ತಂದಿದ್ದ.

ಸಮೀಕ್ಷೆಯ ಪ್ರೊಫೆಸರು ಹುಬ್ಬಳ್ಳಿಯಿಂದ ಬಂದರು. ರೋಹಿಣಿ ಗೋಡೆಗೆ ಬಿಳಿ ಪರದೆ ಇಳಿಬಿಟ್ಟು, ಮಂದಿಗೆ ತಿಳಿಯಲೆಂದು ಶಂಕ್ರಪ್ಪನ ಕೈಗೆ ಮತ್ತೆ ಪಟ್ಟಿ ಕಟ್ಟಿದಳು. ಅವನ ಹೆಜ್ಜೆಯ ನಂಬರು ಈಗ ಪರದೆಯ ಮೇಲೆ ದೊಡ್ಡದಾಗಿ ಕಾಣುವುದಂತೆ. ಸದ್ಯಕ್ಕೆ ಅಲ್ಲಿ ಸೊನ್ನೆ ಇತ್ತು. ಸಾವಿತ್ರೆವ್ವ ಇಳಕಲ್ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಆಕೆಯ ಎರಡೂ ಬಾಜು ಒಂದೊಂದು ಕುರ್ಚಿ ಖಾಲಿ ಬಿಟ್ಟು ಹೆಂಗಸರು ಕೂತಿದ್ದರು.

ಮೊದಲು ಪ್ರಾರ್ಥನೆ. ಮಠದ ಭಜನಾ ಮೇಳದವರು ಶುರು ಮಾಡಿದರು, ಯಾರೋ ರೂಢಿಯಂತೆ ಶಂಕ್ರಪ್ಪನ ಕೈಗೆ ತಾಳ ಕೊಟ್ಟರು, ಅವನೂ ರೂಢಿಯಂತೆ ಕುರ್ಚಿಯಲ್ಲಿ ಕೂತೇ ಬಾರಿಸಿದ. ಎಲ್ಲರೂ ಕಣ್ಣು ಮುಚ್ಚಿದ್ದರು. ಶಂಕ್ರಪ್ಪ ಯಾಕೋ ಪರದೆ ನೋಡಿದ. ನಲವತ್ತು. ಎಂಬತ್ತು. ನೂರಾ ಮೂವತ್ತು. ಅವನು ತಾಳ ನಿಲ್ಲಿಸಿದ, ನಂಬರು ನಿಂತಿತು. ತಾಳ ಹಾಕಿದ, ನಂಬರು ಓಡಿತು. ಮೂವತ್ತೊಂದು ಸಾವಿರ ಎಲ್ಲಿಂದ ಬಂತೆಂದು ಅವನಿಗೆ ಹೊಳೆಯಿತು. ಖೋಲಿಯಲ್ಲಿ ಕಣ್ಣು ತೆರೆದಿದ್ದ ಇನ್ನೊಬ್ಬಳು ಸಾವಿತ್ರೆವ್ವ. ಆಕೆ ಪರದೆಯನ್ನೂ ನೋಡಿದಳು, ಗಂಡನನ್ನೂ ನೋಡಿದಳು.

ಪ್ರಾರ್ಥನೆ ಮುಗಿದಾಗ ಪರದೆಯ ಮೇಲೆ ಆರುನೂರಾ ಎಂಟು ಇತ್ತು. ರೋಹಿಣಿ ಅದನ್ನು ಕಂಡು, ಯಂತ್ರಕ್ಕೇನೋ ಆಗಿದೆ ಎಂದು ಮತ್ತೆ ಸೊನ್ನೆಗೆ ತಂದಳು. ಯಾರಿಗೂ ಗೊತ್ತಾಗಲಿಲ್ಲ. ಮಾಳಪ್ಪ ಶಾಲು ಬಿಚ್ಚಿ ನಿಂತ. ಸುಮ್ಮನಿದ್ದರೆ ಶಾಲು, ಫೋಟೋ, ಬಿರುದು ಎಲ್ಲ ಶಂಕ್ರಪ್ಪನದೇ.

"ನಿಮ್ಮ ಗುಟ್ಟು ಏನು, ಎರಡು ಮಾತು ಹೇಳಿ" ಎಂದರು ಪ್ರೊಫೆಸರು.

ಶಂಕ್ರಪ್ಪ ಮೈಕಿನ ಮುಂದೆ ಬಂದ. ಹಿಂದಿನ ಸಾಲಿನ ಆ ಎರಡು ಖಾಲಿ ಕುರ್ಚಿಗಳು ಅವನಿಗೆ ಕಂಡವು. ಬಹಳ ವರ್ಷಗಳ ಮೇಲೆ ಅವನಿಗೆ ನಿಜವಾಗಿ ನಾಚಿಕೆಯಾಯಿತು.

"ಸಾಹೇಬ್ರ, ಆ ಏಳು ದಿನ ನಾ ಎಲ್ಲೂ ನಡದಿಲ್ರಿ. ಮಠದಾಗ ಫ್ಯಾನಿನ ಬುಡಕ ಕುಂತಿದ್ದೆ."

"ಎಂಥ ವಿನಯ!" ಎಂದು ಪ್ರೊಫೆಸರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

"ವಿನಯ ಅಲ್ರಿ! ಖರೇನ ಕುಂತಿದ್ದೆ!"

"ಇಂಥಾ ಮನಶ್ಯಾ ನಮ್ಮ ಊರಾಗ ಅದಾನಲ್ಲಾ" ಎಂದು ಮಾಳಪ್ಪ ಆ ಶಾಲಿನಲ್ಲೇ ಕಣ್ಣೊರೆಸಿಕೊಂಡ.

ಇನ್ನು ಮಾತಿನಿಂದ ಆಗುವ ಕೆಲಸವಲ್ಲ ಎಂದು ಶಂಕ್ರಪ್ಪ ತಾಳ ತಗೊಂಡು ವೇದಿಕೆಯ ಅಂಚಿನಲ್ಲಿ ಕಾಲು ಚಾಚಿ ಕೂತ. ಬಾರಿಸಿದ. ಐವತ್ತು. ನೂರು. ಇನ್ನೂರು. ಚಪ್ಪಾಳೆ ಒಂದೊಂದೇ ನಿಂತವು. ನಾಲ್ಕುನೂರಕ್ಕೆ ಪ್ರೊಫೆಸರು ಕುರ್ಚಿ ಹಿಡಿದುಕೊಂಡರು.

"ನೋಡಿದ್ರಲ್ಲಾ?" ಎಂದ ಶಂಕ್ರಪ್ಪ, ತಾಳ ಬಿಡದೆ. "ನನ್ನ ಹೇಣ್ತಿ ಕುಂತಾಕಿ ಅಲ್ಲ. ಕುಂತಾಂವಾ ನಾ. ಕುಂತ ಮ್ಯಾಲ ಕುಂತಾಂವಾ ನಾ. ನಾಕು ದಿನ ಆಕೀ ಕೆಲಸ ಮಾಡೀನಿ, ಇವತ್ತು ನನ್ನ ಮೊಣಕಾಲು ಮಡಚಾಕ ಬರವಲ್ದು. ದೇವಿಕೊಪ್ಪದ ಅತ್ತೀಗೆ ಯಾರರೆ ಫೋನ್ ಹಚ್ಚಿ ಇದನ್ನ ಹೇಳ್ರಿ."

ರೋಹಿಣಿ ಹಿಂದಿನ ಸಾಲಿಗೆ ಓಡಿದಳು. "ಕಾಕೂ, ಹಗಲೆಲ್ಲಾ ನಿಮ್ಮ ಪಟ್ಟಿ ಎಲ್ಲಿತ್ರಿ?"

"ಜಗಲಿ ಮ್ಯಾಲ. ಕಿಮ್ಮತ್ತಿನ ಸಾಮಾನು ಅಂದಿದ್ಯಲ್ಲಾ ಯವ್ವಾ."

ಒಬ್ಬ ಬಾಯಿ ಬಿಟ್ಟಮೇಲೆ ಪಟ್ಟಿ ಕಟ್ಟಿಸಿಕೊಂಡಿದ್ದ ಉಳಿದವರಿಗೂ ಧೈರ್ಯ ಬಂತು. ಏಳೂ ದಿನ ತಾನು ಯರಗುಪ್ಪಿ ರಸ್ತೆಯ ತಗ್ಗುಗಳಲ್ಲಿ ಬೈಕು ಹೊಡೆದೆ ಎಂದು ಮಾಳಪ್ಪ ಒಪ್ಪಿಕೊಂಡ. ತಾನು ದಿನಾ ಮುನ್ನೂರು ಕಪ್ಪು ಚಹಾ ಎತ್ತಿ ಸುರುವಿ ಆರಿಸುತ್ತೇನೆ ಎಂದು ನಿಜಾಮಸಾಬ ಹೇಳಿದ. ನಾಲ್ಕು ಮಂದಿ ಹೆಂಗಸರು ತಮ್ಮ ಪಟ್ಟಿಯೂ ಜಗಲಿಯ ಮೇಲೇ ಇತ್ತೆಂದರು. ಹೇಳುತ್ತ ಹೇಳುತ್ತ ಎದ್ದು ಬಂದು ಸಾವಿತ್ರೆವ್ವನ ಬಾಜು ಕುರ್ಚಿಗಳಲ್ಲಿ ಕೂತರು. ಪ್ರೊಫೆಸರು ಎಲ್ಲವನ್ನೂ ಬರೆದುಕೊಂಡು, ಕೊನೆಗೆ ಪೆನ್ನು ಮುಚ್ಚಿ, ಸಾವಿತ್ರೆವ್ವನ ಹೆಸರಿನ ಕಾಗದ ತರಿಸಿ ಎಲ್ಲರೆದುರು ಹರಿದರು.

ಶಾಲು ಮಾತ್ರ ಮಾಳಪ್ಪನ ಕೈಯಲ್ಲಿ ಉಳಿದಿತ್ತು. ತಂದ ಶಾಲು, ಯಾರಿಗಾದರೂ ಹೊದಿಸಲೇಬೇಕು. ಅವನು ತಡವರಿಸುತ್ತ ಸಾವಿತ್ರೆವ್ವನ ಮುಂದೆ ಬಂದ. ಆಕೆ ಅದನ್ನು ಕೈಯಲ್ಲೇ ತಗೊಂಡು, ಬಟ್ಟೆ ಮುಟ್ಟಿ ನೋಡಿ, "ಛಲೋ ಮೆತ್ತಗೈತಿ" ಎಂದಳು. ಹೊದ್ದುಕೊಳ್ಳಲಿಲ್ಲ. ಸುತ್ತಿ ಸುತ್ತಿ ಸಿಂಬಿ ಮಾಡಿ ವೇದಿಕೆ ಹತ್ತಿ ಗಂಡನ ತಲೆಯ ಮೇಲೆ ಇಟ್ಟಳು.

"ಬಂದವರು ಬಾಟ್ಲಿ ನೀರು ಕುಡದಾರ. ನಮ್ಮ ಕೊಡ ತುಂಬಿದ್ದು ತುಂಬಿದಂಗ ಐತಿ. ಎಮ್ಮಿಗೆ ನೀರಿಲ್ಲ, ಹೊತ್ಕೊಂಡ ನಡೀರಿ. ನಾ ಮುಂದ ಹೋಗಿ ರೊಟ್ಟಿ ಬಡಿಯಾಕ ಕುಂದರ್ತೀನಿ."

ರೊಟ್ಟಿ ಎಂಬ ಮಾತು ಕೇಳಿ ಐದು ದಿನವಾಗಿತ್ತು. ಶಂಕ್ರಪ್ಪನ ಕಣ್ಣಲ್ಲಿ ನೀರು ಬಂತು. ಇಬ್ಬರು ಕೂಡಿ ಕೊಡ ಎತ್ತಿ ಸಿಂಬಿಯ ಮೇಲೆ ಕೂಡಿಸಿದರು. ಅವನು ಎರಡೂ ಕೈ ಮೇಲೆತ್ತಿ, ಒಂದಿಷ್ಟೂ ಅಲುಗದಂತೆ ಗಟ್ಟಿಯಾಗಿ ಹಿಡಿದು, ಹೊಸ್ತಿಲು ದಾಟಿದ.

"ಕಾಕಾರ, ಪಟ್ಟಿ ಕೈಯಾಗ ಉಳೀತ್ರಿ!" ಎಂದು ರೋಹಿಣಿ ಬಾಗಿಲಿಗೆ ಓಡಿದವಳು ಅಲ್ಲೇ ತಿರುಗಿ ಪರದೆ ನೋಡಿದಳು. ಅವಳು ನೋಡಿದ್ದನ್ನು ಖೋಲಿಯ ಮಂದಿಯೆಲ್ಲ ನೋಡಿದರು. ಹೊರಗೆ ಸಾಲಿಯ ಅಂಗಳದಲ್ಲಿ ಶಂಕ್ರಪ್ಪ ಏದುಸಿರು ಬಿಡುತ್ತ, ಮೊಣಕಾಲು ನಡುಗಿಸುತ್ತ, ಒಂದೊಂದೇ ಹೆಜ್ಜೆ ಇಟ್ಟು ನಡೆದಿದ್ದ. ಒಳಗೆ ನಂಬರು ಮಾತ್ರ ಐದುನೂರಾ ಹನ್ನೊಂದರ ಮೇಲೆ ಕೂತದ್ದು ಅಲ್ಲೇ ಕೂತಿತ್ತು.